ಗಾಳಕ್ಕೆ ಸ್ಮಾರಕ, ಮೀನು ಹಿಡಿದವರಿಗೆ ಕೇಸು

ಸಿಡ್ನಿಗೆ ಹೋದವರು ಒಪೇರಾ ಹೌಸ್ ಮುಂದೆ ಫೋಟೋ ತೆಗೆಸಿಕೊಳ್ಳದೆ ವಾಪಸ್ ಬರುವುದಿಲ್ಲ. ಅದರ ಹಿಂದೆಯೇ ಒಂದು ಬಂಡೆಗೋಡೆ ಇದೆ. ಅದನ್ನು ಹತ್ತಿ ಬೊಟಾನಿಕ್ ಗಾರ್ಡನ್ನಿನ ಹುಲ್ಲುಹಾಸಿಗೆ ಬಂದರೆ ಬೆಳ್ಳಗೆ ಬಾಗಿ ನಿಂತ ಆಕೃತಿಯೊಂದು ಎದುರಾಗುತ್ತದೆ. ಆರು ಮೀಟರಿಗಿಂತ ಎತ್ತರ. ದೂರದಿಂದ ನೋಡಿದವರಿಗೆ ಬಿದಿಗೆ ಚಂದ್ರ ಅನ್ನಿಸಬಹುದು. ಆದರೆ ಅದು ಮೀನು ಹಿಡಿಯುವ ಗಾಳ. ಹೆಸರು 'ಬರಾ'. ವಾನ್ಯಿ ಎಂಬ ಮೂಲನಿವಾಸಿ ಸಮುದಾಯದ ಕಲಾವಿದೆ ಜೂಡಿ ವಾಟ್ಸನ್ ರೂಪಿಸಿದ ಈ ಶಿಲ್ಪವನ್ನು ಸಿಡ್ನಿ ನಗರಪಾಲಿಕೆ 2022ರಲ್ಲಿ ಅನಾವರಣ ಮಾಡಿತು. ಸಿಡ್ನಿ ಬಂದರಿನ ಸುತ್ತ ಬದುಕುತ್ತಿದ್ದ ಈಯೋರಾ ಜನರಿಗೆ ಇದು ಸ್ಮಾರಕ.

ಆಸ್ಟ್ರೇಲಿಯಾದ ನಗರಗಳಲ್ಲಿ ಇಂಥ ಕೆಲಸಗಳು ಈಗ ಜಾಸ್ತಿಯಾಗುತ್ತಿವೆ. ಹೊಸ ಸೇತುವೆ, ಹೊಸ ಚೌಕ, ಹೊಸ ಆಸ್ಪತ್ರೆ, ಏನೇ ಕಟ್ಟಲಿ, ಪಕ್ಕದಲ್ಲಿ ಅಬೊರಿಜಿನಲ್ (ಅಂದರೆ ಮೂಲನಿವಾಸಿ) ಕಲಾವಿದರ ಒಂದು ಕೃತಿ ಇರುತ್ತದೆ. ಅದರ ಫಲಕದಲ್ಲಿ ನೀರು, ನೆಲ, ಆಕಾಶ ಎಂಬ ಮೂರು ಮಾತು ಇರುತ್ತವೆ. ಈ ಮೂರರ ಜೊತೆ ಮೂಲನಿವಾಸಿಗಳಿಗೆ ಇರುವ ನಂಟನ್ನು ಗೌರವಿಸುವ ಶಿಲ್ಪ ಅಂತ. ಕೇಳಲು ಹಿತವಾಗಿದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ನಂಟು ಅಂದರೆ ಏನು? ಬರೀ ಭಾವನೆಯಾ, ಅಥವಾ ಒಂದು ಹಕ್ಕಾ? ಕಲ್ಲು, ಕಂಚಿನ ಈ ಕೃತಿಗಳನ್ನು ಅಲ್ಲಿನ ಕಾನೂನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಅಷ್ಟು ಹಿತವಾಗಿ ಉಳಿಯುವುದಿಲ್ಲ.

ಮೊದಲು ಗಾಳದಿಂದಲೇ ಶುರು ಮಾಡೋಣ.

ಸಿಡ್ನಿ ಬಂದರಿನಲ್ಲಿ ಗಾಳ ಹಾಕುವುದು ಹೆಂಗಸರ ಕೆಲಸವಾಗಿತ್ತು. ಗಂಡಸರು ಕವಲು ಮೊನೆಯ ಈಟಿಯಿಂದ ಮೀನು ಚುಚ್ಚುತ್ತಿದ್ದರು. ಹೆಂಗಸರು ಶಂಖದಂತೆ ಸುರುಳಿಯಾದ ಟರ್ಬನ್ ಚಿಪ್ಪನ್ನು ಒಡೆದು, ಮರಳುಗಲ್ಲಿಗೆ ಉಜ್ಜಿ ಉಜ್ಜಿ ಅರ್ಧಚಂದ್ರದ ಆಕಾರಕ್ಕೆ ತರುತ್ತಿದ್ದರು. ಮರದ ತೊಗಟೆಯ ನಾರನ್ನು ಹೊಸೆದು ದಾರ ಮಾಡುತ್ತಿದ್ದರು. ಚಿಪ್ಪಿನ ಒಳಮೈ ನೀರಿನಲ್ಲಿ ಮಿನುಗುತ್ತದಲ್ಲ, ಆ ಮಿನುಗೇ ಮೀನನ್ನು ಸೆಳೆಯುತ್ತಿತ್ತು. ಬಾಯಲ್ಲಿ ಅಗಿದ ಚಿಪ್ಪುಮಾಂಸವನ್ನು ನೀರಿಗೆ ಉಗಿದು ಮೀನುಗಳನ್ನು ಹತ್ತಿರ ಕರೆಯುತ್ತಿದ್ದರು. 'ನವಿ' ಅನ್ನುವ ತೊಗಟೆಯ ದೋಣಿಯ ನಡುವೆ ಮಣ್ಣು ಮೆತ್ತಿ ಅದರ ಮೇಲೆ ಸಣ್ಣ ಬೆಂಕಿ. ಹಿಡಿದ ಮೀನನ್ನು ಅಲ್ಲೇ ಸುಡುವುದು, ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಹುಟ್ಟು ಹಾಕುವುದು, ಜೊತೆಗೆ ಹಾಡು. 1788ರಲ್ಲಿ ಬಂದ ಬ್ರಿಟಿಷ್ ಅಧಿಕಾರಿಗಳು ತಮ್ಮ ಡೈರಿಗಳಲ್ಲಿ ಇದನ್ನೆಲ್ಲ ಬೆರಗಿನಿಂದ ಬರೆದಿಟ್ಟಿದ್ದಾರೆ. ಅಲೆಯಲ್ಲಿ ಈ ತೆಳು ದೋಣಿ ಮಗುಚದಂತೆ ಹೇಗೆ ನಡೆಸುತ್ತಾರೆ ಅನ್ನುವುದೇ ಅವರಿಗೆ ಸೋಜಿಗ.

ಹಾಗಾಗಿ ಮನೆಗೆ ಮೀನು ತರುವವರು ಹೆಂಗಸರು, ಹಂಚುವವರೂ ಅವರೇ. ಅದರಿಂದ ಅವರಿಗೊಂದು ತೂಕ ಇತ್ತು. 1790ರಲ್ಲಿ ಬ್ರಿಟಿಷರು ಬಲೆ ಎಳೆದು ಸುಮಾರು 4000 ಮೀನುಗಳನ್ನು ಒಮ್ಮೆಗೇ ಹಿಡಿದರು. ಅದರಲ್ಲಿ ಒಂದಿಷ್ಟನ್ನು ಬೆನ್ನೆಲಾಂಗ್ ಎಂಬ ಈಯೋರಾ ನಾಯಕನ ಕಡೆಯವರಿಗೆ ಕಳಿಸಿದರು. ಅವನ ಹೆಂಡತಿ ಬರಂಗರೂ ಸ್ವತಃ ಮೀನುಗಾರ್ತಿ, ಗಟ್ಟಿ ಹೆಂಗಸು. ಗವರ್ನರ್ ಮನೆಗೆ ಬಂದಾಗಲೂ ಅವರು ಕೊಟ್ಟ ಬಟ್ಟೆ ತೊಡಲಿಲ್ಲ, ವೈನ್ ಮುಟ್ಟಲಿಲ್ಲ. ಗಂಡಸರು ಗಂಡಸರಿಗೆ ಮೀನು ದಾನ ಮಾಡಿದ ಈ ಸಂಗತಿ ಅವಳ ಸ್ಥಾನಕ್ಕೇ ಬಿದ್ದ ಪೆಟ್ಟು ಅಂತ ಇಂದಿನ ಇತಿಹಾಸಕಾರರು ಓದುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. (ಅವಳ ಹೆಸರು ಈಗ ಸಿಡ್ನಿಯ ಅತಿ ದುಬಾರಿ ಬಡಾವಣೆಗಳಲ್ಲೊಂದಕ್ಕೆ ಇದೆ. ಅಲ್ಲಿರುವ ಎತ್ತರದ ಕಟ್ಟಡದಲ್ಲಿ ಕ್ಯಾಸಿನೊ. ಇರಲಿ ಬಿಡಿ.)

ಒಪೇರಾ ಹೌಸ್ ನಿಂತಿರುವ ಭೂಶಿರಕ್ಕೆ ಮೂಲ ಹೆಸರು ಡುಬ್ಬಗಲಿ. ಸಾವಿರಾರು ವರ್ಷ ಅಲ್ಲಿ ತಿಂದು ಎಸೆದ ಚಿಪ್ಪುಗಳು ದಿಬ್ಬಗಳಾಗಿ ಬೆಳೆದಿದ್ದವು. ಹೊಸ ವಸಾಹತಿನಲ್ಲಿ ಗೋಡೆ ಕಟ್ಟಲು ಗಾರೆ ಬೇಕಿತ್ತು, ಸುಣ್ಣದಕಲ್ಲು ಇರಲಿಲ್ಲ. ಬ್ರಿಟಿಷರು ಆ ಚಿಪ್ಪಿನ ದಿಬ್ಬಗಳನ್ನು ಅಗೆದು ಸುಟ್ಟು ಸುಣ್ಣ ಮಾಡಿದರು. ಆ ಜಾಗಕ್ಕೆ ಸ್ವಲ್ಪ ಕಾಲ ಸುಣ್ಣ ಸುಡುವವರ ಭೂಶಿರ ಅಂತಲೇ ಹೆಸರಿತ್ತು. ಅಂದರೆ ಒಂದು ಜನಾಂಗದ ಊಟದ ಚರಿತ್ರೆ ಸಿಡ್ನಿಯ ಮೊದಲ ಗೋಡೆಗಳೊಳಗೆ ಸೇರಿಹೋಯಿತು. 'ಬರಾ' ನಿಂತಿರುವುದು ಅದೇ ಜಾಗವನ್ನು ನೋಡುತ್ತ. ಈ ಹಿನ್ನೆಲೆ ಗೊತ್ತಾದರೆ ಆ ಬಿಳಿ ಬಣ್ಣವೂ ಬೇರೆ ಥರ ಕಾಣುತ್ತದೆ.

ಇನ್ನೊಂದು ವಿಷಯ ಗಮನಿಸಿ. ಇದರಲ್ಲಿ ಮನುಷ್ಯನ ಆಕೃತಿ ಇಲ್ಲ. ಅಲ್ಲಿಂದ ಸ್ವಲ್ಪ ದೂರದ ಹೈಡ್ ಪಾರ್ಕಿನಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಪ್ರತಿಮೆ ಇದೆ, 1879ರದ್ದು. ಈ ಪ್ರದೇಶವನ್ನು 1770ರಲ್ಲಿ ಕಂಡುಹಿಡಿದವನು ಅಂತ ಪೀಠದ ಮೇಲೆ ಕೆತ್ತಿದ್ದಾರೆ. ಹತ್ತಾರು ಸಾವಿರ ವರ್ಷಗಳಿಂದ ಜನ ಇದ್ದ ಜಾಗವನ್ನು ಕಂಡುಹಿಡಿಯುವುದು ಹೇಗೆ ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. 2024ರ ಜನವರಿ 26ರ ರಾಷ್ಟ್ರೀಯ ದಿನಕ್ಕೆ ಒಂದು ದಿನ ಮುಂಚೆ ಮೆಲ್ಬರ್ನಿನ ಸೇಂಟ್ ಕಿಲ್ಡಾದಲ್ಲಿದ್ದ ಕುಕ್ ಪ್ರತಿಮೆಯನ್ನು ಪಾದದ ಹತ್ತಿರ ಕೊಯ್ದು ಬೀಳಿಸಿದರು. ಆದರೆ ಕುಕ್‌ನನ್ನು ಇಳಿಸಿ ಅದೇ ಪೀಠದ ಮೇಲೆ ಅಬೊರಿಜಿನಲ್ ನಾಯಕನೊಬ್ಬನನ್ನು ನಿಲ್ಲಿಸುವ ದಾರಿಯನ್ನು ಬಹುತೇಕ ಕಲಾವಿದರು ಹಿಡಿದಿಲ್ಲ.

ಹಾಗೆ ನಿಲ್ಲಿಸಿದಾಗ ಏನಾಯಿತು ಅನ್ನುವುದಕ್ಕೆ ಪರ್ತ್ ನಗರದಲ್ಲಿ ಉದಾಹರಣೆ ಇದೆ. ಯೇಗನ್ ಎಂಬ ನೂಂಗಾರ್ ವೀರನನ್ನು 1833ರಲ್ಲಿ ಗುಂಡಿಟ್ಟು ಕೊಂದು, ತಲೆ ಕತ್ತರಿಸಿ, ಹೊಗೆಯಲ್ಲಿ ಒಣಗಿಸಿ ಇಂಗ್ಲೆಂಡಿಗೆ ಒಯ್ದರು. ಅಲ್ಲಿ ಅದು ಪ್ರದರ್ಶನದ ವಸ್ತುವಾಯಿತು. 1964ರಲ್ಲಿ ಲಿವರ್‌ಪೂಲಿನ ಸ್ಮಶಾನವೊಂದರಲ್ಲಿ ಹೂತರು. ನೂಂಗಾರ್ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 1997ರಲ್ಲಿ ಆ ತಲೆ ವಾಪಸ್ ಬಂತು. ಅಷ್ಟರಲ್ಲಿ, 1984ರಿಂದಲೇ, ಪರ್ತ್‌ನ ಸ್ವಾನ್ ನದಿಯ ದ್ವೀಪವೊಂದರಲ್ಲಿ ಯೇಗನ್‌ನ ಕಂಚಿನ ಪ್ರತಿಮೆ ಇತ್ತು. ನಿಜವಾದ ತಲೆ ಊರಿಗೆ ಬಂದ ಕೆಲವೇ ದಿನಕ್ಕೆ ಯಾರೋ ಪ್ರತಿಮೆಯ ತಲೆಯನ್ನು ಗ್ರೈಂಡರ್ ಹಿಡಿದು ಕತ್ತರಿಸಿದರು. ರಿಪೇರಿ ಮಾಡಿಸಿದರು. ಮತ್ತೆ ಕತ್ತರಿಸಿದರು. ಕೊನೆಗೆ ಯೇಗನ್‌ನ ತಲೆ ಮಣ್ಣು ಸೇರಿದ್ದು 2010ರಲ್ಲಿ.

ಮನುಷ್ಯನ ಬದಲು ಗಾಳ, ದೋಣಿ, ತಿಮಿಂಗಿಲ, ಕಂಬಗಳನ್ನು ಆರಿಸಿಕೊಳ್ಳಲು ಭಯವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಒಬ್ಬ ವೀರನನ್ನು ಎತ್ತರದಲ್ಲಿ ನಿಲ್ಲಿಸಿ ನೆನೆಯುವುದು ಯುರೋಪಿನಿಂದ ಬಂದ ಪದ್ಧತಿ. ಅಬೊರಿಜಿನಲ್ ಜನರಿಗೆ ಶಿಲ್ಪ ಹೊಸದೇನಲ್ಲ. ಸಿಡ್ನಿ ಸುತ್ತಲಿನ ಮರಳುಗಲ್ಲಿನ ಹಾಸುಬಂಡೆಗಳ ಮೇಲೆ ಸಾವಿರಾರು ಕೆತ್ತನೆಗಳಿವೆ: ತಿಮಿಂಗಿಲ, ವಾಲಬಿ, ಶಾರ್ಕ್, ಎಮು. ಅವಕ್ಕೆ ಪೀಠ ಇಲ್ಲ, ನೆಲವೇ ಪೀಠ.

ಈ ಹೊಸ ಅಲೆಗೆ ಬುನಾದಿ ಹಾಕಿದ ಕೃತಿ ಯಾವುದು ಅಂತ ಕೇಳಿದರೆ ನಾನು 1988ಕ್ಕೆ ಹೋಗುತ್ತೇನೆ. ಬ್ರಿಟಿಷರು ಬಂದು 200 ವರ್ಷ ಆಯಿತೆಂದು ಇಡೀ ದೇಶ ಸಂಭ್ರಮಿಸುತ್ತಿತ್ತು. ಆಗ ಉತ್ತರದ ಆರ್ನ್‌ಹೆಮ್ ಲ್ಯಾಂಡಿನ ರಾಮಿಂಗಿನಿಂಗ್ ಊರಿನ ಕಲಾವಿದರು 200 ಟೊಳ್ಳು ಮರದ ಕಾಂಡಗಳಿಗೆ ಬಣ್ಣ ಬರೆದರು. ಅವರ ಕಡೆ ಸತ್ತವರ ಮೂಳೆಗಳನ್ನು ಕೊನೆಯದಾಗಿ ಇಂಥ ಕಾಂಡದೊಳಗೆ ಇಡುತ್ತಾರೆ. ವರ್ಷಕ್ಕೊಂದರಂತೆ 200 ಶವಪೆಟ್ಟಿಗೆ! ಜಾನ್ ಮಂಡೈನ್ ಅವರ ಕಲ್ಪನೆ, 43 ಕಲಾವಿದರ ಕೆಲಸ. ಅದು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಕಂಬಗಳ ನಡುವೆ ಒಂದು ದಾರಿ ಬಿಟ್ಟಿದ್ದಾರೆ. ಅದು ಅಲ್ಲಿನ ಗ್ಲೈಡ್ ನದಿ ಸಮುದ್ರ ಸೇರುವ ಜಾಡು. ಯಾವ ಕುಲದ ನೆಲ ನದಿಯ ಯಾವ ಮಗ್ಗುಲಿಗಿದೆಯೋ ಆ ಕುಲದ ಕಂಬಗಳು ಅಲ್ಲಲ್ಲೇ ನಿಂತಿವೆ. ಕಂಬಗಳ ನಡುವೆ ನಡೆದರೆ ನೀವು ಒಂದು ನದಿಯೊಳಗೆ ನಡೆದಂತೆ. ನೀರಿನ ಜೊತೆಗಿನ ನಂಟು ಅಂದರೆ ಯಾರ ನೆಲ ಎಲ್ಲಿ ಅನ್ನುವ ಪಕ್ಕಾ ಲೆಕ್ಕ ಕೂಡ. ಸಂಭ್ರಮದ ವರ್ಷದಲ್ಲಿ ಸಾವನ್ನೂ ಒಡೆತನವನ್ನೂ ಒಟ್ಟಿಗೆ ತಂದು ನಿಲ್ಲಿಸಿದ ಕೃತಿ ಅದು. ಅಷ್ಟು ಧೈರ್ಯದ ಕೆಲಸ ಆಮೇಲೆ ತುಂಬಾ ಬಂದಿಲ್ಲ.

ಬಂದ ಕೆಲವದರಲ್ಲಿ ಒಂದನ್ನು ಹೇಳಲೇಬೇಕು. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಆಗ ಒಂದು ನಿಯಮ ಇತ್ತು. ಸರ್ಕಾರಿ ಕಟ್ಟಡದ ವೆಚ್ಚದಲ್ಲಿ ಶೇ 2ರಷ್ಟನ್ನು ಸಾರ್ವಜನಿಕ ಕಲೆಗೆ ಕೊಡಬೇಕು. ಹಾಗೆ ಬ್ರಿಸ್ಬೇನಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಮುಂದಿನ ಕೃತಿಯ ಕೆಲಸ ಬಡ್ಜಲಾ ಸಮುದಾಯದ ಫಿಯೋನಾ ಫೋಲಿ ಅವರಿಗೆ ಸಿಕ್ಕಿತು. 2004ರಲ್ಲಿ ಮುಗಿಯಿತು. ಕಂಚಿನ ತಾವರೆಗಳು, ಗಾಜಿನಲ್ಲಿ ಬೂದಿ ಹುದುಗಿಸಿದ ಉಕ್ಕಿನ ಕಂಬಗಳು, ನೆಲದಿಂದ ಏಳುವ ನೀರಿನ ಮಂಜು. ಕಾಲಡಿಯ ಕಲ್ಲುಹಾಸಿನಲ್ಲಿ 94 ಊರುಗಳ ಹೆಸರು. ಇವೆಲ್ಲ ಕಾಡ್ಗಿಚ್ಚು ಮತ್ತು ಪ್ರವಾಹಕ್ಕೆ ತುತ್ತಾದ ಊರುಗಳು ಅಂತ ಅವರು ಕೆಲಸ ಕೊಟ್ಟವರಿಗೆ ಹೇಳಿದ್ದರು. ಬೂದಿ, ನೀರು, ಊರುಗಳ ಪಟ್ಟಿ, ಎಲ್ಲ ಹೊಂದಿಕೆಯಾಗಿ ಕಂಡಿತು. ಕೃತಿ ನಿಂತ ಮೇಲೆ ನಿಜ ಹೇಳಿದರು: ಅವು ಅಬೊರಿಜಿನಲ್ ಜನರ ಮಾರಣಹೋಮ ನಡೆದ ಜಾಗಗಳು. ಕೊಂದವರು ಹೆಣಗಳನ್ನು ಸುಡುತ್ತಿದ್ದರು, ಇಲ್ಲವೇ ನೀರಿಗೆ ಎಸೆಯುತ್ತಿದ್ದರು. ಬೂದಿ ಮತ್ತು ನೀರು ಅಲ್ಲಿ ಇರುವುದು ಅದಕ್ಕೇ.

ಇದು ಮೋಸವಾ? ಕೆಲಸ ಕೊಟ್ಟವರ ದೃಷ್ಟಿಯಲ್ಲಿ ಹೌದು ಅನ್ನಬಹುದು. ಆದರೆ ಮೊದಲೇ ನಿಜ ಹೇಳಿದ್ದರೆ ನ್ಯಾಯಾಲಯದ ಬಾಗಿಲಲ್ಲಿ ಆ 94 ಹೆಸರುಗಳು ಬರುತ್ತಿದ್ದವಾ? ನನಗಂತೂ ಅನುಮಾನ. ಆಸ್ಟ್ರೇಲಿಯಾದ ಸಾರ್ವಜನಿಕ ಕಲೆಯ ಬಗ್ಗೆ ಈ ಘಟನೆ ಒಂದು ಮುಖ್ಯ ವಿಷಯ ಹೇಳುತ್ತದೆ. ಪ್ರಕೃತಿಯ ಮಾತಾಡಿದರೆ ಬಾಗಿಲು ಬೇಗ ತೆರೆಯುತ್ತದೆ. ಚರಿತ್ರೆಯ ಮಾತಾಡಿದರೆ ಕಮಿಟಿ ಕೂರುತ್ತದೆ. ನೀರು, ನೆಲ, ಆಕಾಶ ಅನ್ನುವ ಮೂರು ಮಾತು ಎಲ್ಲರಿಗೂ ಇಷ್ಟವಾಗಲು ಇದೂ ಒಂದು ಕಾರಣ. ಅದರಲ್ಲಿ ಜಗಳ ಇಲ್ಲ, ಕೊಂದವರು ಯಾರು ಎಂಬ ಪ್ರಶ್ನೆ ಇಲ್ಲ, ಯಾರ ಅಜ್ಜನ ಹೆಸರೂ ಬರುವುದಿಲ್ಲ.

ಹಾಗಂತ ಮಾತು ಸುಳ್ಳಲ್ಲ. ಆಕಾಶವನ್ನೇ ತೆಗೆದುಕೊಳ್ಳಿ. ನಾವು ಚುಕ್ಕಿಗಳನ್ನು ಸೇರಿಸಿ ಆಕೃತಿ ಕಾಣುತ್ತೇವೆ. ಅಬೊರಿಜಿನಲ್ ಜನ ಚುಕ್ಕಿಗಳ ನಡುವಿನ ಕತ್ತಲಲ್ಲೂ ಆಕೃತಿ ಕಂಡರು. ಆಕಾಶಗಂಗೆಯ ಉದ್ದಕ್ಕೂ ಹಬ್ಬಿದ ಕಪ್ಪು ಪಟ್ಟೆ ಅವರಿಗೆ ಎಮು ಹಕ್ಕಿ. ತ್ರಿಶಂಕು ನಕ್ಷತ್ರಪುಂಜದ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಕಮಿಲರಾಯ್ ಜನರ ಲೆಕ್ಕದಲ್ಲಿ ಏಪ್ರಿಲ್, ಮೇ ಹೊತ್ತಿಗೆ ಈ ಎಮು ಓಡುವಂತೆ ಕಂಡರೆ ಹಕ್ಕಿಗಳು ಜೋಡಿ ಹುಡುಕುವ ಕಾಲ. ಜೂನ್, ಜುಲೈನಲ್ಲಿ ಕಾಲು ಮರೆಯಾಗಿ ಅದು ಗೂಡಿನ ಮೇಲೆ ಕೂತಂತೆ ಕಂಡರೆ ಮೊಟ್ಟೆ ಸಿಗುವ ಕಾಲ. ಆಕಾಶ ನೋಡಿ ಅಡುಗೆಗೆ ಏನು ಸಿಗುತ್ತದೆ ಅಂತ ತಿಳಿಯುವುದು. ಸಿಡ್ನಿಯ ಉತ್ತರಕ್ಕಿರುವ ಕು-ರಿಂಗ್-ಗೈ ಕಾಡಿನ ಬಂಡೆಯಲ್ಲಿ ಎಮುವಿನ ಹಳೆಯ ಕೆತ್ತನೆಯೊಂದಿದೆ. ಆಕಾಶದ ಎಮುವಿನ ಭಂಗಿಗೂ ಇದಕ್ಕೂ ಹೋಲಿಕೆ ಇದೆ ಅಂತ ಹಲವರು ತೋರಿಸಿದ್ದಾರೆ.

ಈ ಆಕಾಶದ ಕಥೆಯಲ್ಲಿ ಬೆಂಗಳೂರಿಗೂ ಸಣ್ಣ ಪಾಲಿದೆ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಬಯಲಿನಲ್ಲಿ ದೊಡ್ಡ ರೇಡಿಯೋ ದೂರದರ್ಶಕಗಳಿವೆ. ಅವುಗಳಲ್ಲೊಂದಾದ ಮರ್ಚಿಸನ್ ವೈಡ್‌ಫೀಲ್ಡ್ ಅರೇಗೆ ಡಿಜಿಟಲ್ ರಿಸೀವರ್‌ಗಳನ್ನು ಮಾಡಿಕೊಟ್ಟವರು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು. ಆ ನೆಲ ವಜಾರಿ ಯಮಾಜಿ ಜನರದ್ದು. ವಿಶ್ವದ ಅತಿ ದೊಡ್ಡ ರೇಡಿಯೋ ದೂರದರ್ಶಕಗಳಲ್ಲಿ ಒಂದಾಗಲಿರುವ ಎಸ್‌ಕೆಎ-ಲೋ ಕೂಡ ಅಲ್ಲೇ ಏಳುತ್ತಿದೆ. ಅದಕ್ಕಾಗಿ ವಜಾರಿಗಳ ಜೊತೆ ಭೂ ಒಪ್ಪಂದವಾಯಿತು. ವೀಕ್ಷಣಾಲಯಕ್ಕೆ ಅವರೇ ಇಟ್ಟ ಹೆಸರು ಇನ್ಯರಿಮಾನ್ಹಾ ಇಲ್ಗರಿ ಬುಂಡಾರಾ, ಅಂದರೆ ಆಕಾಶವನ್ನೂ ನಕ್ಷತ್ರಗಳನ್ನೂ ಹಂಚಿಕೊಳ್ಳುವುದು. ಇಲ್ಲಿ ಗಮನಿಸಬೇಕಾದ್ದು ಹೆಸರಿಗಿಂತ ಹೆಚ್ಚಾಗಿ ಒಪ್ಪಂದವನ್ನು. ಆಕಾಶ ನೋಡಲು ನೆಲದವರ ಒಪ್ಪಿಗೆ ಬೇಕಾಯಿತು.

ಇಂಥ ಶಿಲ್ಪಗಳನ್ನು ಯಾರು ಮಾಡಬೇಕು ಅನ್ನುವ ಜಗಳವೂ ಇದೆ. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ 2002ರಿಂದ 25 ಮೀಟರ್ ಎತ್ತರದ ಬಿಳಿ ಹದ್ದು ನಿಂತಿದೆ. ಅದು ಬುಂಜಿಲ್, ಕುಲಿನ್ ಜನರ ಸೃಷ್ಟಿಕರ್ತ. ಕಥೆಯ ಪ್ರಕಾರ ಗಾಳಿಯ ಚೀಲಗಳನ್ನು ಬಿಚ್ಚಲು ಬುಂಜಿಲ್ ಕಾಗೆಗೆ ಹೇಳಿದ. ಎದ್ದ ಬಿರುಗಾಳಿ ಅವನನ್ನೇ ಆಕಾಶಕ್ಕೆ ಒಯ್ದಿತು, ಅವನು ನಕ್ಷತ್ರವಾದ. ನಾವು ಶ್ರವಣ ಅನ್ನುವ ನಕ್ಷತ್ರವೇ ಅದು. ಈ ಹದ್ದನ್ನು ಮಾಡಿದ ಬ್ರೂಸ್ ಆರ್ಮ್‌ಸ್ಟ್ರಾಂಗ್ ಅಬೊರಿಜಿನಲ್ ಅಲ್ಲ. ಊರಿನವರು ಈ ಶಿಲ್ಪವನ್ನು ಮೆಚ್ಚಿಕೊಂಡಿದ್ದಾರೆ, ಆದರೆ ಇಂದು ಅಂಥ ಕೆಲಸ ಹೊರಗಿನವರಿಗೆ ಸಿಗುವುದು ಕಷ್ಟ. ಜೂಡಿ ವಾಟ್ಸನ್ ಕೂಡ ಸಿಡ್ನಿಯವರಲ್ಲ, ವಾನ್ಯಿ ನೆಲ ಇರುವುದು ವಾಯುವ್ಯ ಕ್ವೀನ್ಸ್‌ಲ್ಯಾಂಡಿನಲ್ಲಿ. ಅಬೊರಿಜಿನಲ್ ಅಂದರೆ ಒಂದೇ ಜನ ಅಲ್ಲ. ನೂರಾರು ಭಾಷೆ, ನೂರಾರು ನೆಲ. ಒಬ್ಬರ ಕಥೆಯನ್ನು ಇನ್ನೊಬ್ಬರು ಹೇಳಬೇಕಾದರೆ ಅಲ್ಲಿನ ಹಿರಿಯರನ್ನು ಕೇಳಲೇಬೇಕು. ಈ ಪದ್ಧತಿ ಈಗ ಬಲವಾಗಿದೆ. ಆದರೆ ಸಮುದಾಯದ ಜ್ಞಾನವನ್ನು ಕಾಪಾಡಲು ಪ್ರತ್ಯೇಕ ಕಾನೂನು ಆಸ್ಟ್ರೇಲಿಯಾದಲ್ಲಿ ಇನ್ನೂ ಇಲ್ಲ. ಇರುವ ಕಾಪಿರೈಟ್ ಒಬ್ಬೊಬ್ಬ ಕಲಾವಿದರಿಗೆ ಮಾತ್ರ.

ಈಗ ಮತ್ತೆ ಗಾಳಕ್ಕೆ, ಅಂದರೆ ಕೇಸಿನ ವಿಷಯಕ್ಕೆ ಬರುತ್ತೇನೆ.

'ಬರಾ' ಇರುವುದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ. ಅದೇ ರಾಜ್ಯದ ದಕ್ಷಿಣ ಕರಾವಳಿಯಲ್ಲಿ ಯುಯಿನ್ ಜನರಿದ್ದಾರೆ. ಅವರು ತಲೆಮಾರುಗಳಿಂದ ನೀರಿಗೆ ಧುಮುಕಿ ಅಬಲೋನ್ ಎಂಬ ಚಿಪ್ಪುಜೀವಿಯನ್ನು ಕಿತ್ತು ತರುತ್ತಾರೆ. ಮನೆಗೆ, ಹಿರಿಯರಿಗೆ, ಸಾವು ಮದುವೆಗೆ ಹಂಚುತ್ತಾರೆ. ಅಬಲೋನ್ ಈಗ ವಿದೇಶಿ ಮಾರುಕಟ್ಟೆಯಲ್ಲಿ ಭಾರಿ ಬೆಲೆಯ ವಸ್ತು. ಲೈಸೆನ್ಸ್ ಇದ್ದ ಕೆಲವರಿಗೆ ಕೋಟಾ ಉಂಟು, ಉಳಿದವರಿಗೆ ದಿನಕ್ಕೆ ಇಷ್ಟೇ ಅಂತ ಮಿತಿ ಉಂಟು. ಮಿತಿ ಮೀರಿದರೆ ಕೇಸು, ದಂಡ, ಕೆಲವರಿಗೆ ಜೈಲೂ ಆಗಿದೆ. ನೆಲ, ನೀರಿನ ಮೇಲೆ ಮೂಲನಿವಾಸಿಗಳಿಗಿರುವ ಸಾಂಪ್ರದಾಯಿಕ ಹಕ್ಕನ್ನು ಒಪ್ಪುವ, ದೇಶದ 1993ರ ನೇಟಿವ್ ಟೈಟಲ್ ಕಾಯ್ದೆಯಲ್ಲಿ ಸಾಂಪ್ರದಾಯಿಕ ಮೀನುಗಾರಿಕೆಗೆ ರಕ್ಷಣೆ ಇದೆ. ಆದರೆ ಆ ರಕ್ಷಣೆ ಬೇಕಾದರೆ ಕೋರ್ಟಿನಲ್ಲಿ ನಿಂತು, ನಾನು ಇಂಥ ಕುಲದವನು, ಇದು ನಮ್ಮ ನೀರು, ಇದು ನಮ್ಮ ಪದ್ಧತಿ ಅಂತ ಸಾಬೀತು ಮಾಡಬೇಕು. ಒಂದು ಬುಟ್ಟಿ ಚಿಪ್ಪಿಗೆ ಇಡೀ ವಂಶದ ಚರಿತ್ರೆ!

2009ರಲ್ಲಿ ರಾಜ್ಯದ ಸಂಸತ್ತು ಇದಕ್ಕೊಂದು ಪರಿಹಾರ ಹುಡುಕಿತು. ಮೀನುಗಾರಿಕಾ ಕಾಯ್ದೆಗೆ ಹೊಸ ಕಲಂ ಸೇರಿಸಿ, ಅಬೊರಿಜಿನಲ್ ಜನರ ಸಾಂಸ್ಕೃತಿಕ ಮೀನುಗಾರಿಕೆಗೆ ಮಿತಿಯಿಂದ ವಿನಾಯಿತಿ ಕೊಟ್ಟಿತು. ತಿದ್ದುಪಡಿ ಪಾಸಾಯಿತು. ಆದರೆ ಜಾರಿಗೆ ಬರುವ ದಿನಾಂಕವನ್ನು ಸರ್ಕಾರ ಪ್ರಕಟಿಸಲೇ ಇಲ್ಲ. 2022ರಲ್ಲಿ ಮೇಲ್ಮನೆಯ ಸಮಿತಿಯೊಂದು ಇದನ್ನು ಪರಿಶೀಲಿಸಿ ಇನ್ನಾದರೂ ಜಾರಿ ಮಾಡಿ ಅಂತ ಶಿಫಾರಸು ಮಾಡಿತು. ಅಷ್ಟು ಹೊತ್ತಿಗೆ 13 ವರ್ಷ ಕಳೆದಿತ್ತು. ಆರು ಮೀಟರ್ ಗಾಳ ಬಂದರಿನ ಮೇಲೆ ಎದ್ದು ನಿಂತದ್ದೂ ಅದೇ 2022ರಲ್ಲಿ.

ನಗರಪಾಲಿಕೆಯನ್ನು ಇದಕ್ಕೆ ದೂರುವುದು ನ್ಯಾಯ ಅಲ್ಲ. ಮೀನಿನ ಕಾನೂನು ಅವರ ಕೈಯಲ್ಲಿಲ್ಲ. ಮಿತಿ ತೆಗೆದರೆ ಕಳ್ಳಸಾಗಣೆಗೆ ದಾರಿಯಾಗುತ್ತದೆ, ಅಬಲೋನ್ ಸಂತತಿ ಕಡಿಮೆಯಾಗಿದೆ ಅನ್ನುವ ಸರ್ಕಾರದ ವಾದವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಸಂತತಿ ಕಡಿಮೆ ಮಾಡಿದ್ದು ಹಿರಿಯರಿಗೆ ಚಿಪ್ಪು ಹಂಚಿದವರಾ? ಸ್ಮಾರಕ ಏನನ್ನು ಗೌರವಿಸುತ್ತಿದೆಯೋ ಅದೇ ಕೆಲಸವನ್ನು ಇಂದು ಮಾಡಿದವರು ಕೋರ್ಟಿಗೆ ಅಲೆಯಬೇಕು ಅಂದರೆ, ಆ ಗೌರವ ಸತ್ತವರಿಗೆ ಮಾತ್ರ ಸಿಕ್ಕಂತಾಯಿತು.

ಮೀನಿಂದ ನೀರಿಗೆ ಬಂದರೆ ಲೆಕ್ಕ ಇನ್ನೂ ಖಾರವಾಗಿದೆ. ಆಸ್ಟ್ರೇಲಿಯಾದಲ್ಲಿ ನೆಲದ ಹಕ್ಕು ಬೇರೆ, ನೀರಿನ ಹಕ್ಕು ಬೇರೆ. ನದಿಯ ನೀರಿನಲ್ಲಿ ನಿಮಗೆ ಇಷ್ಟು ಪಾಲು ಅಂತ ಬರೆದುಕೊಟ್ಟ ಹಕ್ಕನ್ನು ಷೇರಿನ ಹಾಗೆ ಮಾರಬಹುದು, ಕೊಳ್ಳಬಹುದು. ಮರ್ರಿ–ಡಾರ್ಲಿಂಗ್ ಕಣಿವೆಯಲ್ಲಿ ಇದು ಕೋಟಿಗಟ್ಟಲೆ ವ್ಯವಹಾರ. ಆ ಕಣಿವೆಯ ನ್ಯೂ ಸೌತ್ ವೇಲ್ಸ್ ಭಾಗದಲ್ಲಿ ಜನಸಂಖ್ಯೆಯ ಸುಮಾರು ಶೇ 9ರಷ್ಟು ಅಬೊರಿಜಿನಲ್ ಜನ. ನದಿ ನೀರಿನಲ್ಲಿ ಅವರ ಸಂಸ್ಥೆಗಳ ಪಾಲು ಸುಮಾರು ಶೇ 0.2. ಅಂದರೆ ನೆಲ ವಾಪಸ್ ಸಿಕ್ಕರೂ ಅದರ ಪಕ್ಕ ಹರಿಯುವ ನೀರು ಬೇರೆಯವರದ್ದು. 2018ರಲ್ಲಿ ಕೇಂದ್ರ ಸರ್ಕಾರ ಅವರಿಗಾಗಿ ನೀರಿನ ಹಕ್ಕು ಕೊಳ್ಳಲು 40 ಮಿಲಿಯನ್ ಡಾಲರ್ ಘೋಷಿಸಿತು. ಐದು ವರ್ಷ ಕಳೆದರೂ ಖರೀದಿ ಆಗಲಿಲ್ಲ. ಅಷ್ಟರಲ್ಲಿ ನೀರಿನ ಬೆಲೆ ಏರಿತ್ತು. 2023ರಲ್ಲಿ ಮೊತ್ತವನ್ನು 100 ಮಿಲಿಯನ್ನಿಗೆ ಹೆಚ್ಚಿಸಿದರು.

ನೆಲದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಪಶ್ಚಿಮ ಆಸ್ಟ್ರೇಲಿಯಾದ ಜುಕಾನ್ ಕಣಿವೆಯ ಗುಹೆಗಳನ್ನು ಸಿಡಿಸಿತು. 46,000 ವರ್ಷಗಳಿಂದ ಜನ ಬಳಸಿದ ಜಾಗ ಅದು. ಕಾನೂನು ಪ್ರಕಾರ ಕಂಪನಿಗೆ ಅನುಮತಿ ಇತ್ತು! ಇನ್ನು ಅದೇ ರಾಜ್ಯದ ಮುರುಜುಗ. ಹತ್ತು ಲಕ್ಷಕ್ಕೂ ಹೆಚ್ಚು ಬಂಡೆ ಕೆತ್ತನೆಗಳಿರುವ ಈ ಜಾಗ 2025ರ ಜುಲೈನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪಕ್ಕದಲ್ಲೇ ದೊಡ್ಡ ಅನಿಲ ಘಟಕವಿದೆ. ಅದರ ಹೊಗೆ ಬಂಡೆಯ ಮೈಯನ್ನು ತಿನ್ನುತ್ತದೆ ಅನ್ನುವ ಆತಂಕ ಹಳೆಯದು. ಅದೇ ವರ್ಷ ಆ ಘಟಕಕ್ಕೆ 2070ರವರೆಗೆ ನಡೆಯಲು ಅನುಮತಿ ಸಿಕ್ಕಿತು. ನಗರದಲ್ಲಿ ಹೊಸ ಕಲ್ಲು ಕೆತ್ತಿಸುವ ದೇಶ ಹಳೆಯ ಕೆತ್ತನೆಯ ಪಕ್ಕದಲ್ಲಿ ಇಂಥ ಲೆಕ್ಕ ಹಾಕುತ್ತದೆ.

2023ರ ಅಕ್ಟೋಬರ್ 14ರಂದು ಒಂದು ಜನಮತಗಣನೆ ನಡೆಯಿತು. ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿ ಮಂಡಳಿಯೊಂದನ್ನು ಸಂವಿಧಾನದಲ್ಲಿ ಸೇರಿಸಬೇಕೇ ಅನ್ನುವುದು ಪ್ರಶ್ನೆ. ಸುಮಾರು ಶೇ 60 ಜನ ಬೇಡ ಅಂದರು. ಒಂದು ರಾಜ್ಯವೂ ಹೌದು ಅನ್ನಲಿಲ್ಲ. ಅದಾದ ಮೇಲೆ ಈ ಶಿಲ್ಪಗಳ ಮೇಲೆ ಒಂದು ವಿಚಿತ್ರ ಭಾರ ಬಿದ್ದಿದೆ. ರಾಜಕೀಯದಲ್ಲಿ ಆಗದ್ದನ್ನು ಕಲೆಯಲ್ಲಾದರೂ ಮಾಡೋಣ ಅಂತ ಒಂದು ಕಡೆಯವರು. ಎಲ್ಲ ಕಡೆ ಇದೇ ಯಾಕೆ ಅಂತ ಗೊಣಗುವವರು ಇನ್ನೊಂದು ಕಡೆ. ಇವರಿಬ್ಬರೂ ಶಿಲ್ಪಕ್ಕೆ ಇರುವುದಕ್ಕಿಂತ ಜಾಸ್ತಿ ಶಕ್ತಿ ಇದೆ ಅಂದುಕೊಂಡಿದ್ದಾರೆ.

ಹಾಗಾದರೆ ಇವು ದಂಡವಾ? ನಾನು ಹಾಗೆ ಅನ್ನುವುದಿಲ್ಲ. ಮೆಲ್ಬರ್ನಿನಲ್ಲಿ ಯಾರಾ ನದಿಯ ದಂಡೆಯ 'ಬಿರ್ರರಂಗ್ ವಿಲಮ್' ನೋಡಿ. ವಿಕಿ ಕೌಝೆನ್ಸ್, ಲೀ ಡಾರೊಕ್, ಟ್ರಿಯಾನಾ ಹ್ಯಾಮ್ ಎಂಬ ಮೂವರು ಅಬೊರಿಜಿನಲ್ ಕಲಾವಿದೆಯರು 2006ರಲ್ಲಿ ಮಾಡಿದ್ದು. ನೆಲದಲ್ಲಿ ಹಾವುಮೀನಿನಂತೆ ಬಳುಕುವ ಕಾಲುದಾರಿ, ಗುರಾಣಿಗಳು, ಮಕ್ಕಳು ಹತ್ತಿ ಆಡುವ ಆಕೃತಿಗಳು. ಹಾವುಮೀನು ಇಲ್ಲಿ ಅಲಂಕಾರ ಅಲ್ಲ. ಅದೇ ರಾಜ್ಯದ ಬುಡ್ಜ್ ಬಿಮ್‌ನಲ್ಲಿ ಗುಂಡಿಚ್‌ಮಾರ ಜನ ಲಾವಾ ಕಲ್ಲಿನ ನಡುವೆ ಕಾಲುವೆ, ಕಟ್ಟೆ ಕಟ್ಟಿ 6600 ವರ್ಷಗಳಿಂದ ಹಾವುಮೀನು ಸಾಕಿದ್ದಾರೆ. 2019ರಲ್ಲಿ ಅದು ವಿಶ್ವ ಪರಂಪರೆಯಾಯಿತು. ಅಬೊರಿಜಿನಲ್ ಜನ ಬರೀ ಅಲೆಮಾರಿಗಳು, ಏನನ್ನೂ ಕಟ್ಟಲಿಲ್ಲ ಅಂತ ಶಾಲೆಯಲ್ಲಿ ಕಲಿತ ಮಗು ಆ ದಾರಿಯ ಮೇಲೆ ಓಡಾಡಿ ಇದೇನು ಅಂತ ಕೇಳಿದರೆ, ಅಷ್ಟರ ಮಟ್ಟಿಗೆ ಕೃತಿ ಕೆಲಸ ಮಾಡಿದೆ. ನದಿಯ ವಿಷಯದಲ್ಲಿ ಕಾನೂನೂ ಸ್ವಲ್ಪ ಹಿಂದೆಯೇ ಬಂತು. 2017ರಲ್ಲಿ ವಿಕ್ಟೋರಿಯಾ ರಾಜ್ಯ ಯಾರಾ ನದಿಯನ್ನು ಜೀವಂತವಾದ ಒಂದೇ ಘಟಕ ಅಂತ ಒಪ್ಪಿದ ಕಾಯ್ದೆ ಮಾಡಿತು. ಅದರ ಹೆಸರಿನಲ್ಲೇ ಅಲ್ಲಿನ ಮೂಲನಿವಾಸಿಗಳ ವೊಯ್‌ವುರಂಗ್ ಭಾಷೆಯ ಮಾತಿದೆ. ನದಿಯ ಪರವಾಗಿ ಮಾತಾಡುವ ಮಂಡಳಿಯಲ್ಲಿ ಮೂಲನಿವಾಸಿಗಳು ಕೂರುತ್ತಾರೆ. ಶಿಲ್ಪದಿಂದ ಕಾನೂನು ಬಂತು ಅಂತ ಹೇಳಿದರೆ ಅತಿಯಾದೀತು. ಆದರೆ ಎರಡೂ ಒಂದೇ ದಂಡೆಯಲ್ಲಿವೆ, ಒಂದಕ್ಕೊಂದು ಅರ್ಥ ಕೊಡುತ್ತವೆ.

ಸಿಡ್ನಿಯ ದಕ್ಷಿಣಕ್ಕೆ ಕುಕ್ ಬಂದಿಳಿದ ಕಮಯ್ ಕೊಲ್ಲಿಯಲ್ಲೂ ಇಂಥ ಜೋಡಿಯೊಂದು ಕೂಡಿ ಬಂದಿದೆ. ಅವನು ಬಂದು 250 ವರ್ಷವಾದ 2020ರಲ್ಲಿ ಅಲ್ಲಿ ಅಲಿಸನ್ ಪೇಜ್ ಮತ್ತು ನಿಕ್ ಲಾಹಾಚಕ್ ಅವರ ಕಂಚಿನ ಕೃತಿ ನಿಂತಿತು. ಸಾಲಾಗಿ ಎದ್ದ ಬಾಗು ಕಂಬಗಳು. ಒಂದು ಕಡೆಯಿಂದ ನೋಡಿದರೆ ಕುಕ್‌ನ ಹಡಗಿನ ಪಕ್ಕೆಲುಬು, ಇನ್ನೊಂದು ಕಡೆಯಿಂದ ತಿಮಿಂಗಿಲದ ಮೂಳೆ. ದಡದಿಂದ ನೋಡಿದವರು, ಹಡಗಿನಿಂದ ನೋಡಿದವರು, ಇಬ್ಬರ ಕಣ್ಣೂ ಅಲ್ಲಿದೆ. ಜಾಣತನದ ಕೃತಿ. ಸ್ವಲ್ಪ ಅತಿಯಾಗಿ ಸಮ ಮಾಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಆ ದಿನ ಬಂದೂಕು ಇದ್ದದ್ದು ಒಂದೇ ಕಡೆ. ಅಲ್ಲಿನ ಗ್ವೀಗಲ್ ಜನರ ಮೇಲೆ ಗುಂಡು ಹಾರಿಸಿದ ಕುಕ್‌ನ ಕಡೆಯವರು ದಡದಲ್ಲಿದ್ದ ಸುಮಾರು 40 ಈಟಿಗಳನ್ನು ಎತ್ತಿಕೊಂಡು ಹೋದರು. ಹೆಚ್ಚಿನವು ಮೀನು ಚುಚ್ಚುವ ಈಟಿಗಳು. ಅವುಗಳಲ್ಲಿ ಉಳಿದಿದ್ದ ನಾಲ್ಕು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಒಡೆತನದಲ್ಲಿದ್ದವು. 2024ರ ಏಪ್ರಿಲ್‌ನಲ್ಲಿ, 254 ವರ್ಷಗಳ ನಂತರ, ಅವು ಅದೇ ಕೊಲ್ಲಿಯ ದಡದ ಲಾ ಪೆರೂಸ್‌ನ ಅಬೊರಿಜಿನಲ್ ಸಮುದಾಯಕ್ಕೆ ಶಾಶ್ವತವಾಗಿ ವಾಪಸ್ ಬಂದವು. ಕಂಚಿನ ಪಕ್ಕೆಲುಬು ಎಷ್ಟೇ ಚೆನ್ನಾಗಿರಲಿ, ಆ ನಾಲ್ಕು ಕೋಲುಗಳ ಮುಂದೆ ಅದು ಎರಡನೆಯದು.

ನೀರಿನಲ್ಲೂ ಅಂಥದ್ದೊಂದು ನಡೆದಿದೆ. 2020ರಲ್ಲಿ ವಿಕ್ಟೋರಿಯಾ ಸರ್ಕಾರ ಮಿಚೆಲ್ ನದಿಯ ಎರಡು ಗಿಗಾಲೀಟರ್, ಅಂದರೆ 200 ಕೋಟಿ ಲೀಟರ್ ನೀರಿನ ಹಕ್ಕನ್ನು ಗುನೈಕುರ್ನೈ ಜನರ ಸಂಸ್ಥೆಗೆ ಕೊಟ್ಟಿತು. ಆ ರಾಜ್ಯದಲ್ಲಿ ಹಾಗೆ ನೀರು ವಾಪಸ್ ಹೋದದ್ದು ಅದೇ ಮೊದಲು. ಅದನ್ನು ನದಿಯಲ್ಲೇ ಬಿಡಬಹುದು, ಬೆಳೆಗೆ ಹಾಯಿಸಬಹುದು, ಬೇಡವಾದ ವರ್ಷ ಬಾಡಿಗೆಗೆ ಕೊಡಬಹುದು. ಏನು ಮಾಡಬೇಕು ಅಂತ ತೀರ್ಮಾನಿಸುವವರು ಅವರೇ.